ಹೊನ್ನೂರಮ್ಮ ಮುಚ್ಚಿಟ್ಟ ವಾಂತಿ

“ಅಮ್ಮ, ಹೊನ್ನೂರಮ್ಮಜ್ಜಿ ಎಲಿ ಅಡಿಕಿ ತಿನ್ನಂಗಿಲ್ಲ. ಮತ್ತ ಆಕಿ ವಾಂತಿ ಮಾಡಿದ್ರ ಕೆಂಪಗ ಯಾಕ ಬಂತು?”

ಮೀನಾ ಹೀಗೆ ಕೇಳಿದ್ದು ಮೂರು ವಾರದ ಹಿಂದೆ, ನಾನು ಅವಳ ಜಡೆ ಬಿಚ್ಚುತ್ತಿದ್ದಾಗ. ಶಾಲೆಯ ಅಡುಗೆ ಕೋಣೆಯ ಹಿಂದೆ ನೋಡಿದ್ದಳಂತೆ. ಬೀಟ್‌ರೂಟ್ ತಿಂದಿರಬೇಕು ಎಂದು ಮಗುವನ್ನು ಸುಮ್ಮನಾಗಿಸಿದೆ. ನನ್ನ ಮನಸ್ಸು ಸುಮ್ಮನಾಗಲಿಲ್ಲ.

ಹೊನ್ನೂರಮ್ಮ ನಮ್ಮ ಓಣಿಯವಳು, ಕುರುಗೋಡಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ವಯಸ್ಸು ಐವತ್ತಾರು. ತವರು ಸಿರುಗುಪ್ಪ. ಶಾಲೆಗೆ ಬಂದ ಅಕ್ಕಿಯನ್ನು ಹಲ್ಲಲ್ಲಿ ಕಡಿದು ನೋಡದೆ ಒಲೆಗೆ ಹಾಕಿದವಳಲ್ಲ. ಮಕ್ಕಳಿಗೆ ಬಡಿಸುವ ಮೊದಲು ಮಾಸ್ತರು ಊಟದ ರುಚಿ ನೋಡಬೇಕು. ಅವರು ನಿಜವಾಗಿ ನುಂಗಿದರೋ ಬರೀ ಸಹಿ ಹಾಕಿದರೋ ಎಂದು ಅವರ ಗಂಟಲನ್ನೇ ದಿಟ್ಟಿಸುತ್ತ ನಿಲ್ಲುತ್ತಾಳೆ.

ಮರುದಿನ ವಾಂತಿಯ ವಿಷಯ ಕೇಳಿದರೆ ನನ್ನ ಮೇಲೇ ತಿರುಗಿಬಿದ್ದಳು. ಯಾರು ಹೇಳಿದರು, ಯಾಕೆ ಹೇಳಿದರು, ಈ ಕೆಲಸದ ಮೇಲೆ ನಿನ್ನ ನಾದಿನಿಯ ಕಣ್ಣು ಬಿದ್ದಿದೆಯೋ ಎಂದಳು. ನಾನು ಮತ್ತೆ ಕೇಳಲಿಲ್ಲ.

ಕಳೆದ ಸೋಮವಾರ ಬೆಳಿಗ್ಗೆ ನೀರಿನ ಕೊಡ ಇಳಿಸಿ ನಮ್ಮ ಕಟ್ಟೆಯ ಮೇಲೆ ಕುಳಿತವಳು ಏಳಲಿಲ್ಲ. ದವಡೆ ಜಗ್ಗುತ್ತಿದೆ, ಎಡಗೈ ಸೋತಿದೆ, ಗ್ಯಾಸ್ ಇರಬೇಕು, ಒಂದು ಸೋಡಾ ತರಿಸು ಎಂದಳು. ಕುಪ್ಪಸ ಬೆವರಿಗೆ ತೊಯ್ದುಹೋಗಿತ್ತು. ಸೋಡಾ ಬಿಟ್ಟು ಆಟೋ ತರಿಸಿದೆ.

ಊರ ಆಸ್ಪತ್ರೆಯ ಡಾಕ್ಟರಮ್ಮ ಇಸಿಜಿ ತೆಗೆದು, ಅದರ ಫೋಟೊವನ್ನು ಬಳ್ಳಾರಿಯ ಹೃದಯದ ಡಾಕ್ಟರಿಗೆ ಕಳಿಸಿದರು. ಇದು ಹಾರ್ಟ್ ಅಟ್ಯಾಕ್, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದೆ, ಅದನ್ನು ಕರಗಿಸುವ ಇಂಜೆಕ್ಷನ್ ಈಗಲೇ ಕೊಡಬೇಕು ಎಂದರು. ಅದಕ್ಕೂ ಮೊದಲು ಪ್ರಶ್ನೆಗಳು. ತಲೆಗೆ ಪೆಟ್ಟು ಬಿದ್ದಿತ್ತೇ, ಲಕ್ವ ಹೊಡೆದಿತ್ತೇ, ಇತ್ತೀಚೆಗೆ ಆಪರೇಷನ್ ಆಗಿತ್ತೇ, ಎಲ್ಲಿಂದಲಾದರೂ ರಕ್ತ ಹೋಗಿತ್ತೇ. ಹೊನ್ನೂರಮ್ಮ ಎಲ್ಲಕ್ಕೂ ಇಲ್ಲವೆಂದು ತಲೆಯಾಡಿಸಿದಳು. ಕೊನೆಯ ಪ್ರಶ್ನೆಗೆ ತಲೆಯಾಡಿಸುವಾಗ ಮಾತ್ರ ಡಾಕ್ಟರನ್ನು ಬಿಟ್ಟು ನನ್ನನ್ನು ನೋಡಿದಳು.

ನರ್ಸ್ ಸಿರಿಂಜಿಗೆ ಔಷಧಿ ತುಂಬುತ್ತಿದ್ದಳು. ಬಾಯಿಬಿಟ್ಟರೆ ಇಂಜೆಕ್ಷನ್ ತಪ್ಪಿ ಜೀವ ಹೋದೀತೋ, ಬಿಡದಿದ್ದರೆ ಇಂಜೆಕ್ಷನ್ನಿನಿಂದಲೇ ಹೋದೀತೋ, ನನಗೇನು ಗೊತ್ತು?

“ಮೇಡಂ, ಎರಡು ವಾರದ ಮ್ಯಾಲಾತ್ರಿ, ಇವರು ರಕ್ತ ಕಾರ್‍ಯಾರ್ರಿ. ನನ್ ಮಗಳು ನೋಡ್ಯಾಳ.”

“ಬಾಯಿಬಡಕಿ,” ಎಂದಳು ಹೊನ್ನೂರಮ್ಮ ನನಗೆ. ಆಮೇಲೆ ಡಾಕ್ಟರ ಕಡೆ ತಿರುಗಿ, “ಗೊತ್ತಾದ್ರ ಟಿಬಿ ಐತಿ ಅಂತಾರ್ರಿ ಮಂದಿ. ನಾ ಮಾಡಿದ್ ಅನ್ನ ಯಾವ ಹುಡುಗರು ಮುಟ್ಟತಾವ?”

ಡಾಕ್ಟರಮ್ಮ ನರ್ಸ್ ಕೈ ತಡೆದರು. ಸಿರುಗುಪ್ಪದ ತಂಗಿ ಕೊಟ್ಟ ಮೊಣಕಾಲು ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ಬರೀ ಹೊಟ್ಟೆಯಲ್ಲಿ ನುಂಗಿದ್ದು ಆಗ ಹೊರಬಿತ್ತು. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಿರಬಹುದು, ಈ ಇಂಜೆಕ್ಷನ್ ಕೊಟ್ಟರೆ ಅಲ್ಲಿ ರಕ್ತ ನಿಲ್ಲದೆ ಹರಿದೀತು. ತಡಮಾಡದೆ ಬಳ್ಳಾರಿ ಮುಟ್ಟಿಸಿದರೆ ನಾಳದೊಳಗೆ ತಂತಿ ಹಾಕಿ ಬಿಡಿಸುತ್ತಾರೆ ಎಂದರು.

ಆಂಬುಲೆನ್ಸಿನಲ್ಲೂ ಅವಳದು ಅದೇ ಅನುಮಾನದ ರಾಗ. ಇಂಜೆಕ್ಷನ್ ಇಲ್ಲೇ ಇಟ್ಟುಕೊಂಡು ಅಲ್ಲಿಗೆ ಯಾಕೆ ಅಟ್ಟುತ್ತಾರೆ, ಅಲ್ಲಿಯವರು ಇವರಿಗೆ ಏನಾಗಬೇಕು? ಅವಳ ತಣ್ಣನೆಯ ಕೈ ಉಜ್ಜುತ್ತ ಕುಳಿತ ನನಗೆ ಅನುಮಾನ ನನ್ನ ಮೇಲೆಯೇ. ಬೀಟ್‌ರೂಟ್ ಕತೆ ಹೇಳುವ ಬದಲು ಅವಳನ್ನು ಅಂದೇ ಎಳೆದುಕೊಂಡು ಡಾಕ್ಟರ ಹತ್ತಿರ ಹೋಗಬಾರದಿತ್ತೇ?

ಬಳ್ಳಾರಿಯಲ್ಲಿ ಮಣಿಕಟ್ಟಿನಿಂದ ತಂತಿ ಹಾಕಿ, ನಾಳ ತೆರೆದು ಸ್ಟೆಂಟ್ ಕೂರಿಸಿದರು.

ಇವತ್ತು ಶನಿವಾರ ಗಂಜಿ ತೆಗೆದುಕೊಂಡು ವಾರ್ಡಿಗೆ ಹೋಗಿದ್ದೆ. ಹೊಟ್ಟೆಯ ಪರೀಕ್ಷೆಯೂ ಮುಗಿದಿದೆ. ಇರುವುದು ಹುಣ್ಣು, ಟಿಬಿ ಅಲ್ಲವಂತೆ. ಬಾಯಿಮಾತು ಸಾಲದೆಂದು ಹೊನ್ನೂರಮ್ಮ ಡಾಕ್ಟರಿಂದ ಅದನ್ನು ಬರೆಸಿಕೊಂಡು, ಕಾಗದವನ್ನು ಪಕ್ಕದ ಹಾಸಿಗೆಯವಳ ಮಗನಿಂದ ಎರಡೆರಡು ಸಲ ಓದಿಸಿದ್ದಾಳೆ. ಗಂಜಿ ಕುಡಿದು ಆ ಕಾಗದವನ್ನು ಮಡಚಿ ದಿಂಬಿನ ಕೆಳಗಿಟ್ಟಳು. ನಾನು ಎದ್ದಾಗ ಸೆರಗು ಹಿಡಿದಳು.

“ದುರ್ಗಾ, ಬರೋ ತಿಂಗಳು ತೋರಿಸಾಕ ಬಾ ಅಂದಾರ. ನೀನೂ ಬಾರವ್ವ ನನ್ ಜೋಡಿ. ಅವರು ಕೇಳಿದಾಗ ಅಂಜಿ ನಾ ಮತ್ತ ಇಲ್ಲ ಇಲ್ಲ ಅಂದೇನು. ನೀನ ಎಲ್ಲಾ ಹೇಳಿಬಿಡು.”