ಮೂಗಿನಕ್ಕ ಅಂಗಡಿ ಮಾರಲಿಲ್ಲ

ನಮ್ಮ ಅಕ್ಕನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಮೂಗಿನಕ್ಕ. ಅವಳದು ಡ್ರೈಕ್ಲೀನಿಂಗ್ ಅಂಗಡಿ. ಯಂತ್ರದೊಳಗೆ ನೀರಿನ ಬದಲು ಒಂದು ಕೆಮಿಕಲ್ ಹರಿದು ಬಟ್ಟೆಯ ಜಿಡ್ಡು ತೆಗೆಯುತ್ತದೆ. ಆಮೇಲೆ ಬಿಸಿಗಾಳಿಯಲ್ಲಿ ಅದು ಪೂರ್ತಿ ಆರುವವರೆಗೆ ಬಾಗಿಲು ತೆಗೆಯಬಾರದೆಂದು ಯಂತ್ರದ ಮೇಲೆಯೇ ಬರೆದಿದೆ. ಅಕ್ಕ ಅದಕ್ಕೆಲ್ಲ ಸೊಪ್ಪು ಹಾಕುವವಳೇ? ಅರ್ಧಕ್ಕೇ ಬಾಗಿಲು ತೆಗೆದು, ಕೋಟನ್ನು ಎಳೆದು, ಅದರಲ್ಲಿ ಮುಖ ಹುದುಗಿಸಿ ಉದ್ದಕ್ಕೆ ಉಸಿರೆಳೆದುಕೊಂಡು, "ಇನ್ನೊಂಚೂರು ಬೇಕು" ಎನ್ನುವಳು. ಅವಳ ಅಂದಾಜು ತಪ್ಪುತ್ತಿರಲಿಲ್ಲ. ಗಿರಾಕಿಗಳು ತಲೆದೂಗುತ್ತಿದ್ದರು.

ಮೊದಲು ಅಕ್ಕನಿಗೆ ಊಟ ಸೇರದಾಯಿತು. ಆಮೇಲೆ ಮೈಯೆಲ್ಲ ತುರಿಕೆ, ಎರಡು ಮೆಟ್ಟಿಲು ಹತ್ತಿದರೆ ಸುಸ್ತು. ಒಂದು ಬೆಳಿಗ್ಗೆ ನೋಡಿದರೆ ಕಣ್ಣೇ ಹಳದಿ. ಲಿವರ್ ಕಾಯಿಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೀದಿಯವರು "ಒಳಗೊಳಗೇ ಕುಡೀತಿದ್ಲೇನೋ" ಎಂದು ಶುರು ಹಚ್ಚಿಕೊಂಡರು. ಹೆಂಡದ ವಾಸನೆ ಬಂದರೆ ರಸ್ತೆಯ ಆಚೆ ಬದಿಗೆ ಹೋಗುವವಳು ನಮ್ಮಕ್ಕ. ನನಗೆ ಮೈ ಉರಿದುಹೋಯಿತು. ಎದುರಂಗಡಿ ದರ್ಜಿಯ ಜೊತೆ ನಡುರಸ್ತೆಯಲ್ಲೇ ಜಗಳಕ್ಕೆ ನಿಂತೆ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಸೋಂಕಿನ ಕಾಮಾಲೆ ಅಲ್ಲವೆಂದು ಖಚಿತ ಮಾಡಿಕೊಂಡು, ಕೆಲಸ ಏನೆಂದು ಕೇಳಿದರು. ಅಕ್ಕ ನನ್ನ ಸ್ವೆಟರನ್ನೇ ಎಳೆದುಕೊಂಡು, ಮೂಸಿ ತೋರಿಸಿದಳು. ಆ ಸ್ಥಿತಿಯಲ್ಲೂ ಮುಖದಲ್ಲಿ ಏನು ಹೆಮ್ಮೆ ಅಂತೀರಿ.

"ದಿನಾ ಹೀಗೇ ಮಾಡ್ತೀರಾ?" ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೀವು ಎಳ್ಕೊಂಡ ಕೆಮಿಕಲ್ ಸೀದಾ ರಕ್ತಕ್ಕೆ ಹೋಗುತ್ತೆ ಕಣಮ್ಮ. ಅದನ್ನ ಒಡೆದು ಹೊರಗೆ ಹಾಕೋ ಕೆಲಸ ಲಿವರ್‌ದು. ಆ ಕೆಲಸದಲ್ಲೇ ಅದು ಗಾಯ ಮಾಡ್ಕೊಂಡಿದೆ."

"ಮಾತ್ರೆ ಕೊಡಿ ಮತ್ತೆ."

"ಮೊದಲು ಆ ಕೆಮಿಕಲ್ ನಿಲ್ಲಬೇಕು. ನಿಂತ್ರೆ ಲಿವರ್ ತಾನಾಗೇ ಚೇತರಿಸ್ಕೋಬಹುದು. ನಿಲ್ಲದೆ ಹೋದ್ರೆ ಗಾಯ ಒಳಗೇ ಗಟ್ಟಿಯಾಗುತ್ತೆ, ಆಮೇಲೆ ನನ್ನ ಕೈಲೂ ಏನೂ ಆಗಲ್ಲ. ತಲೆನೋವಿನ ಮಾತ್ರೆನೂ ನನ್ನ ಕೇಳದೆ ನುಂಗಬೇಡಿ. ಬೇರು, ಕಷಾಯ ಅಂತ ಯಾರಾದ್ರೂ ಕೊಟ್ರೆ ಅದೂ ಬೇಡ. ಎಲ್ಲಾ ಹೊರೆನೂ ಅದರ ಮೇಲೇ ಬೀಳೋದು."

ದೊಡ್ಡಮ್ಮ ಅಕ್ಕರೆಯಿಂದ ಕಳಿಸಿದ್ದ ಕಷಾಯದ ಸೀಸೆಯನ್ನು ಅಕ್ಕ ಆವತ್ತೇ ಬಚ್ಚಲಿಗೆ ಸುರಿದಳು. ಆದರೆ ಅಂಗಡಿ ಮಾರೋಣ ಎಂದು ಭಾವ ಬಾಯಿ ತೆಗೆದದ್ದಕ್ಕೆ ಮಾತ್ರ ಕೆಂಡವಾದಳು.

"ಕಾಯಿಲೆ ಬಂದಿರೋದು ನನ್ನ ಲಿವರ್‌ಗೆ. ಅಂಗಡಿಗಲ್ಲ."

"ಅಂಗಡಿಯಿಂದ್ಲೇ ಬಂತಲ್ಲೇ ಮಾರಾಯ್ತಿ."

ಅಕ್ಕ ಮರದ ನೆರಳಲ್ಲಿ ಇಸ್ತ್ರಿ ಮೇಜು ಹಾಕಿಕೊಂಡು ಶುರು ಮಾಡಿ, ಸ್ವಂತ ಅಂಗಡಿಗೆ ಶಟರ್ ಹಾಕಿಸುವ ಮಟ್ಟಕ್ಕೆ ಬಂದವಳು. ಅಂಗಡಿ ಹೋದರೆ ತಾನು ಯಾರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅಂಗಡಿಗೆ ಬೀಗ ಹಾಕಿ ಕೆಲವು ತಿಂಗಳು ಮನೆಯಲ್ಲಿ ಕೂತು ಮೈ ಕೆರೆದುಕೊಂಡಳು, ನಮ್ಮನ್ನೆಲ್ಲ ಬೈದಳು, ಮತ್ತೆ ಮತ್ತೆ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ನಿಧಾನಕ್ಕೆ ಕಣ್ಣು ಬೆಳ್ಳಗಾಯಿತು. ಅಷ್ಟರಲ್ಲಿ ಭಾವ ಅಂಗಡಿಗೆ "ಮಾರಾಟಕ್ಕಿದೆ" ಎಂದು ಹಲಗೆ ತೂಗುಹಾಕಿ, ಕೊಳ್ಳುವ ಗಿರಾಕಿಯನ್ನೂ ಹುಡುಕಿಬಿಟ್ಟಿದ್ದರು.

ಬಂದವನೂ ಇದೇ ಕಸುಬಿನವನು, ಬೇರೆ ಕಡೆ ಎರಡು ಅಂಗಡಿ ಇಟ್ಟುಕೊಂಡಿದ್ದ. ಯಂತ್ರ ಪರೀಕ್ಷಿಸಬೇಕೆಂದು ತನ್ನದೇ ಕೋಟು ಒಳಗೆ ಹಾಕಿ ಓಡಿಸಿದ. ಕೆಮಿಕಲ್ ಗಾಳಿ ತಾಗದಿರಲೆಂದು ಅಕ್ಕ, ಭಾವ, ನಾನು ಹೊರಗೆ ರಸ್ತೆಯಲ್ಲಿ ನಿಂತಿದ್ದೆವು. ಅರ್ಧಕ್ಕೇ ಬಾಗಿಲು ತೆಗೆದು, ಕೋಟನ್ನು ಎಳೆದು, ಅವನೂ ಮುಖ ಹುದುಗಿಸಿ ಉದ್ದಕ್ಕೆ ಉಸಿರೆಳೆದುಕೊಂಡ.

"ಯಂತ್ರ ಚೆನ್ನಾಗಿದೆ. ಇನ್ನೊಂಚೂರು ಆರಬೇಕು ಅಷ್ಟೇ," ಎಂದ.

ನಾನು ತಡೆಯುವಷ್ಟರಲ್ಲಿ ಅಕ್ಕ ಒಳಗೆ ನುಗ್ಗಿ ಕೋಟನ್ನು ಕಿತ್ತೆಸೆದಳು. ಅವನ ರಟ್ಟೆ ಹಿಡಿದು ಬಿಸಿಲಿಗೆ ಎಳೆದು ತಂದಳು.

"ಕಣ್ಣು ಅಗಲಿಸು."

ಅವನು ತಬ್ಬಿಬ್ಬಾಗಿ ಅಗಲಿಸಿದ. ಹಳದಿ ಎಂದರೆ ಹಳದಿ. ಭಾವನೂ ಬಗ್ಗಿ ನೋಡಿದರು.

"ಮೈ ತುರಿಸುತ್ತಾ?"

"ರಾತ್ರಿ ಹೊತ್ತು," ಎಂದ ಅವನು. "ಮನೇಲಿ ಯಾರಿಗೂ ಹೇಳಿಲ್ಲ. ಕುಡೀತೀನಿ ಅಂದ್ಕೋತಾರೆ ಅಂತ."

ಅಕ್ಕನ ಕಣ್ಣಲ್ಲಿ ನೀರು ಬಂತು. ದನಿ ಮಾತ್ರ ಒಂಚೂರೂ ತಗ್ಗಲಿಲ್ಲ. "ಈ ಯಂತ್ರ ನಿನಗೂ ಇಲ್ಲ, ಯಾರಿಗೂ ಇಲ್ಲ. ಬಿಚ್ಚಿ ಹಾಕಿಸ್ತೀನಿ. ಇಲ್ಲಿ ಇನ್ಮೇಲೆ ಸೋಪು, ನೀರು. ಅದರಲ್ಲಿ ಒಗೆಯೋಕೆ ಆಗದ ಬಟ್ಟೆ ನನಗೆ ಬೇಡ. ನನ್ನ ಅಂಗಡೀಲಿ ನಾನಿರ್ತೀನಿ, ನನ್ನ ಲಿವರೂ ಇರುತ್ತೆ. ರೀ, ಏನು ನೋಡ್ತಾ ನಿಂತಿದೀರಿ? ಇವನನ್ನ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗಿ."

ಭಾವ ಸ್ಕೂಟರ್ ತಿರುಗಿಸಿದರು. ಅಂಗಡಿ ಕೊಳ್ಳಲು ಬಂದವನು ಹಿಂದೆ ಹತ್ತಿ ಕೂತ. ಅಕ್ಕ ಹಲಗೆಯನ್ನು ಕೆಳಗಿಳಿಸಿ, ಅದರ ಖಾಲಿ ಬೆನ್ನು ಮೇಲೆ ಮಾಡಿ, ಹೊಸ ಬೋರ್ಡು ಬರೆಯಬೇಕೆಂದು ಬಣ್ಣ ಬ್ರಶ್ಶು ತರಲು ನನ್ನನ್ನು ಅಟ್ಟಿದಳು.