ದೊಡ್ಡಮ್ಮನ ಎರಡು ಥರ್ಮಾಮೀಟರು

ನಮ್ಮ ದೊಡ್ಡಮ್ಮ ಮೂವತ್ತೊಂದು ವರ್ಷ ಊರಿನ ಹವಾಮಾನ ಕೇಂದ್ರ ನೋಡಿಕೊಂಡಳು. ಕೇಂದ್ರ ಅಂದರೆ ಅರಮನೆಯೇನಲ್ಲ. ಒಂದು ಕೋಣೆ, ಒಂದು ಫೋನು, ಅಂಗಳದಲ್ಲಿ ನಾಲ್ಕು ಕಾಲಿನ ಬಿಳಿ ಪೆಟ್ಟಿಗೆ. ಅದರೊಳಗೆ ಅಕ್ಕಪಕ್ಕ ಎರಡು ಥರ್ಮಾಮೀಟರು. ಒಂದರ ಬುಡ ಬೋಳು. ಇನ್ನೊಂದರ ಬುಡಕ್ಕೆ ಬಟ್ಟೆಯ ಚೀಲ, ಚೀಲದ ಬಾಲ ನೀರಿನ ಬಟ್ಟಲಲ್ಲಿ. ಗಾಳಿ ಒಣಗಿದ್ದರೆ ಒದ್ದೆ ಬಟ್ಟೆ ಬೇಗ ಆರುತ್ತ ತಣ್ಣಗಾಗಿ ಆ ಪಾದರಸ ಕೆಳಗಿಳಿಯುತ್ತದೆ. ಎರಡೂ ಒಂದೇ ತೋರಿಸಿದರೆ ಗಾಳಿಯ ತುಂಬ ತೇವ ಅಂತ ಅರ್ಥ.

ವರ್ಷಕ್ಕೆ ನಾಲ್ಕೈದು ಸಲ ಬೆಟ್ಟದಿಂದ ಬಿಸಿಗಾಳಿ ಇಳಿಯುತ್ತಿತ್ತು. ಊರವರು ಅದನ್ನು ಮರಳುಗಾಡಿನ ಗಾಳಿ ಅನ್ನುತ್ತಿದ್ದರು. ಅದನ್ನು ಕೇಳಿದರೆ ದೊಡ್ಡಮ್ಮನಿಗೆ ಮೈಯೆಲ್ಲ ಉರಿ.

"ಯಾವ ಮರಳುಗಾಡು? ಬೆಟ್ಟದಾಚೆ ಇರೋದು ಸಮುದ್ರ! ಗಾಳಿ ಆಚೆ ಕಡೆ ಹತ್ತುವಾಗ ತಣ್ಣಗಾಗಿ ಮಳೆಯನ್ನೆಲ್ಲ ಅಲ್ಲೇ ಸುರಿಸಿಬಿಡುತ್ತೆ. ಒಣಗಿ ಈಚೆ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತೆ. ಸೈಕಲ್ಲಿಗೆ ಗಾಳಿ ಹೊಡೆದು ಪಂಪ್ ಮುಟ್ಟಿ ನೋಡು, ಗೊತ್ತಾಗುತ್ತೆ."

ಇದನ್ನು ಅವಳು ಹಾಲಿನವನಿಗೂ ಹೇಳಿದ್ದಳು, ಹಲ್ಲಿನ ಡಾಕ್ಟರಿಗೂ ಹೇಳಿದ್ದಳು, ಅದೂ ಅವರು ಇಕ್ಕಳ ಹಿಡಿದು ನಿಂತಿದ್ದಾಗ.

ಒಂದು ವರ್ಷ ಬೇಸಿಗೆಗೆ ಮುಂಚೆ ಕಣ್ಣು ತೋರಿಸಿಕೊಳ್ಳಲು ಪಟ್ಟಣಕ್ಕೆ ಹೋದಳು. ಒಂದು ದಿನದ ಮಟ್ಟಿಗೆ ಕೇಂದ್ರ ದೊಡ್ಡಪ್ಪನ ಪಾಲಿಗೆ ಬಂತು. ದೊಡ್ಡಪ್ಪ ಟೈಲರ್; ಕೈ ಅಚ್ಚುಕಟ್ಟು, ಹೊಲಿಗೆ ಬಿಟ್ಟರೆ ಬೇರೆ ಜಗತ್ತಿಲ್ಲ.

ಮರುದಿನ ಮಧ್ಯಾಹ್ನ ಬಸ್ಸಿಳಿದವಳು ತಲೆಯೆತ್ತಿ ನೋಡಿದಳು. ಬೆಟ್ಟದ ನೆತ್ತಿಯ ಮೇಲೆ ಮೋಡ ಗೋಡೆ ಕಟ್ಟಿದ ಹಾಗೆ ಕದಲದೆ ನಿಂತಿತ್ತು. ಈಚೆ ತುಟಿ ಒಡೆಯುವಂಥ ಒಣ ಬಿಸಿಗಾಳಿ ಇಳಿಯುತ್ತಿತ್ತು. ಅಷ್ಟರಲ್ಲಿ ಅರಣ್ಯದ ರೇಂಜರ್ ಜೀಪು ಎದುರಾಯಿತು. ಊರ ಮೇಲಿನ ಇಳಿಜಾರಿನ ಒಣಹುಲ್ಲನ್ನು ಕಾಡ್ಗಿಚ್ಚಿನ ಕಾಲಕ್ಕೆ ಮುಂಚೆಯೇ ಸುಟ್ಟುಬಿಡಲು ಹೊರಟಿದ್ದರು. ಆಳುಗಳು ಪಂಜು ಹಿಡಿದು ಮೇಲೆ ಕಾಯುತ್ತಿದ್ದರು.

"ಬೆಂಕಿ ಹಚ್ಚಬೇಡಿ ಸಾರ್, ಊರೇ ಹೋಗುತ್ತೆ!"

"ಗಾಳೀಲಿ ತೇವ ತುಂಬಿದೆ ಅಂತ ಬೆಳಿಗ್ಗೆ ನಿಮ್ಮ ಕೇಂದ್ರದಿಂದಲೇ ಫೋನ್ ಬಂತಲ್ಲಮ್ಮ. ನಿಮ್ಮ ಲೆಕ್ಕ ಯಾವತ್ತೂ ತಪ್ಪಿಲ್ಲ."

"ಇವತ್ತು ತಪ್ಪಿದೆ. ಕಾಲು ಗಂಟೆ ಕೊಡಿ, ತೋರಿಸ್ತೀನಿ."

ಅವಳ ದನಿಗೆ ರೇಂಜರ್ ಜೀಪು ತಿರುಗಿಸಿದರು. ಪೆಟ್ಟಿಗೆ ತೆರೆದರೆ ಎರಡೂ ಥರ್ಮಾಮೀಟರು ಮೂವತ್ತಾರು ತೋರಿಸುತ್ತಿದ್ದವು. ಬಟ್ಟಲ ತುಂಬ ನೀರಿತ್ತು. ಆದರೆ ಬುಡಕ್ಕೆ ಬೆಳ್ಳಗೆ ಹೊಳೆಯುವ ಹೊಸ ಚೀಲ, ಅಂಚು ಮಡಚಿ, ಸಣ್ಣ ಹೊಲಿಗೆ ಹಾಕಿದ್ದು.

"ಹಳೇದು ಕೊಳಕಾಗಿತ್ತು ಕಣೇ. ರಾತ್ರಿಯೇ ಹೊಲಿದುಬಿಟ್ಟೆ," ಎಂದ ದೊಡ್ಡಪ್ಪ, ಬಹುಮಾನ ಕಾಯುವವನ ಹಾಗೆ.

ದೊಡ್ಡಮ್ಮ ಮುಟ್ಟಿ ನೋಡಿದಳು. ಗರಿಗರಿ. ಅಂಗಡಿಯ ಗಂಜಿ ಹೋಗಿರದ ಬಟ್ಟೆಯಲ್ಲಿ ನೀರು ಒಂದು ಹನಿಯೂ ಮೇಲೇರಿರಲಿಲ್ಲ. ಅದನ್ನು ಬಿಚ್ಚಿ ಜೇಬಿಗಿಟ್ಟುಕೊಂಡಳು. ಒಗೆದೊಗೆದು ಮೆತ್ತಗಾದ ತನ್ನ ಕರವಸ್ತ್ರ ಹರಿದು, ನೆನೆಸಿ ಕಟ್ಟಿದಳು. ಪಾದರಸ ಇಳಿಯತೊಡಗಿತು. ಮೂವತ್ತು. ಇಪ್ಪತ್ತೈದು. ಹದಿನೆಂಟಕ್ಕೆ ನಿಂತಿತು.

ರೇಂಜರ್ ಓಡಿಹೋಗಿ ಜೀಪಿನ ವೈರ್‌ಲೆಸ್ಸಿನಲ್ಲಿ ಆಳುಗಳನ್ನು ಕೆಳಗಿಳಿಸಿದರು. ಸಂಜೆಗೆ ಗಾಳಿ ಎಷ್ಟು ಜೋರಾಯಿತೆಂದರೆ ಬಸ್ ನಿಲ್ದಾಣದ ತಗಡುಗಳೇ ಹಾರಿಹೋದವು. ಕಿಡಿ ಮಾತ್ರ ಎಲ್ಲೂ ಇರಲಿಲ್ಲ.

"ವರದೀಲಿ ತಪ್ಪು ಯಾರದು ಅಂತ ಬರೀಲಿ?" ಎಂದು ರೇಂಜರ್ ಕೇಳಿದಾಗ ದೊಡ್ಡಪ್ಪನ ಮುಖದಲ್ಲಿ ರಕ್ತವಿರಲಿಲ್ಲ.

"ನನ್ನದು," ಎಂದಳು ದೊಡ್ಡಮ್ಮ. "ಕೇಂದ್ರ ನನ್ನದು. ಹೊಸ ಬಟ್ಟೆ ಕುದಿಸಿ ಹಾಕಬೇಕು ಅಂತ ನಾನು ಹೇಳಿಕೊಟ್ಟಿರಲಿಲ್ಲ."

ಮೂವತ್ತೊಂದು ವರ್ಷದಲ್ಲಿ ಅವಳ ಹೆಸರಿನಲ್ಲಿ ದಾಖಲಾದ ತಪ್ಪು ಅದೊಂದೇ.

ದೊಡ್ಡಪ್ಪ ಎರಡು ದಿನ ಮಷೀನ್ ಮುಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ದೊಡ್ಡಮ್ಮ ಅವನನ್ನು ಅಂಗಳಕ್ಕೆ ಕರೆದಳು. ಅವನು ಹೊಲಿದ ಚೀಲವನ್ನು ಕುದಿಸಿ, ಒಗೆದು, ಥರ್ಮಾಮೀಟರಿಗೆ ಮತ್ತೆ ತೊಡಿಸಿದ್ದಳು. ನೀರು ಎಳೆ ಎಳೆಯಾಗಿ ಮೇಲೇರುತ್ತಿತ್ತು.

"ಹೊಲಿಗೆ ಚೆನ್ನಾಗಿದೆ ರೀ. ಇನ್ನೂ ನಾಲ್ಕು ಹೊಲಿದುಕೊಡಿ," ಎಂದಳು.

ದೊಡ್ಡಪ್ಪ ಅಲ್ಲೇ ನಿಂತು ಅತ್ತುಬಿಟ್ಟ.