ಸರ್ದಾರನ ಹೆಗಲಿಗೆ ಮಾಯಪ್ಪನ ಹಣಗಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮಮದಾಪುರದ ರೈತ ಕೆಂಚಪ್ಪನವರ ಹೊಲದಲ್ಲಿ, ಮಣ್ಣು ಸಮ ಮಾಡುವ ಮರದ ಕೊರಡಿನ ಮೇಲೆ ನಾನು ಕೂತಿದ್ದೇನೆ. ಪೆನ್ನು ಹಿಡಿದು ಬಂದವನನ್ನು ಹೀಗೆ ಕೂರಿಸಿದವರು ಮೇಲವಂಕಿಯ ಬಡಗಿ ಮಾಯಪ್ಪ ಬಡಿಗೇರ. "ಸುಮ್ನ ನಿಂತು ಏನ್ ಮಾಡ್ತೀರಿ? ಕುಂಡರ್ರಿ, ಎತ್ತಿಗೆ ಜಗ್ಗಾಕ ವಜ್ಜಿ ಬೇಕು" ಎಂದರು. ನನ್ನ ಬರವಣಿಗೆಗೆ ಸಿಗದ ಬೆಲೆ ನನ್ನ ತೂಕಕ್ಕೆ ಸಿಕ್ಕಿದ್ದು ಇದೇ ಮೊದಲು.

ಕೊರಡನ್ನು ಎಳೆಯುತ್ತಿರುವುದು ಸರ್ದಾರ ಎಂಬ ಬಿಳಿ ಎತ್ತು. ಎದೆಗೆ ಕಂಬಳಿ ಸುತ್ತಿ ಹಗ್ಗ ಕಟ್ಟಿದ್ದಾರೆ, ಹೆಗಲು ಬರಿದಾಗಿದೆ. ಅದರ ಪಕ್ಕದಲ್ಲೇ ಮಾಯಪ್ಪ ದಾಪುಗಾಲು ಹಾಕುತ್ತಿದ್ದಾರೆ. ಕೈಯಲ್ಲಿ ಎರಡು ಮರದ ಪಟ್ಟಿ, ಅವುಗಳ ನಡುವೆ ಒತ್ತೊತ್ತಾಗಿ ಸಿಕ್ಕಿಸಿದ ಬಿದಿರುಕಡ್ಡಿಗಳ ಸಾಲು. ಅದನ್ನು ಹೆಗಲ ಮೇಲೆ ಒತ್ತಿದರೆ ಉಬ್ಬಿದಲ್ಲಿ ಕಡ್ಡಿ ಮೇಲೇರುತ್ತದೆ, ತಗ್ಗಿನಲ್ಲಿ ಕೆಳಗೇ ನಿಲ್ಲುತ್ತದೆ. ತೆಗೆದು ನೋಡಿದರೆ ಹೆಗಲಿನ ಏರಿಳಿತವೆಲ್ಲ ಕಡ್ಡಿಗಳ ತುದಿಯಲ್ಲಿ ಹಾಗೇ ಉಳಿದಿರುತ್ತದೆ. ಬಾಚಣಿಗೆಯಂತೆ ಕಾಣುವುದರಿಂದ ಸುತ್ತಲಿನ ಊರವರು ಇದಕ್ಕೆ 'ಮಾಯಪ್ಪನ ಹಣಗಿ' ಎನ್ನುತ್ತಾರೆ.

ಇಷ್ಟೆಲ್ಲ ಸರ್ಕಸ್ಸಿಗೆ ಕಾರಣವಿದೆ. ಹಳೆಯ ನೊಗ ಕಚ್ಚಿ ಸರ್ದಾರನ ಹೆಗಲು ಹುಣ್ಣಾಗಿತ್ತು. ಹುಣ್ಣು ಈಗ ಮಾಯ್ದಿದೆ, ಆದರೆ ಎತ್ತಿನ ಸಿಟ್ಟು ಮಾಯ್ದಿಲ್ಲ. ನೊಗ ಕಂಡರೆ ಹಿಂದೆ ಸರಿಯುತ್ತದೆ. ಹೊಸ ನೊಗಕ್ಕೂ ಹೆಗಲು ಕೊಡದಿದ್ದರೆ ಬರುವ ಸಂತೆಯಲ್ಲಿ ಮಾರಿಬಿಡುವುದಾಗಿ ಕೆಂಚಪ್ಪ ಹೇಳಿದ್ದಾರೆ. ಸರ್ದಾರ ತಾಯಿ ಸತ್ತ ಕರುವಾಗಿದ್ದಾಗ ಬಟ್ಟೆ ಅದ್ದಿ ಹಾಲು ಚೀಪಿಸಿ ಬೆಳೆಸಿದವರು ಅವರ ಹೆಂಡತಿ ಯಮನವ್ವ. "ಅದರ ಹಿಂದ ನನ್ನೂ ಹೊಡಕೊಂಡ ಹೋಗ್ರಿ" ಎಂದು ಗಂಡನಿಗೆ ಉತ್ತರ ಕೊಟ್ಟಿದ್ದಾರೆ.

ಕಚ್ಚಿದ ನೊಗ ಮಾಡಿದವರೂ ಮಾಯಪ್ಪನೇ. ಅದನ್ನವರು ಮುಚ್ಚಿಡುವುದಿಲ್ಲ. "ತಪ್ಪು ನಂದ ರೀ. ಅದು ಗ್ವಾದಲ್ಯಾಗ ತಲಿ ಹಾಕಿ ಮೇವು ತಿನ್ನೂವಾಗ ಅಳತಿ ತಗೊಂಡಿದ್ದೆ. ತಿನ್ನೂವಾಗಿನ ಹೆಗಲ ಬ್ಯಾರೆ, ಜಗ್ಗೂವಾಗಿನ ಹೆಗಲ ಬ್ಯಾರೆ. ಉಣ್ಣೂ ಎತ್ತಿಗೆ ನೊಗಾ ಮಾಡಿದ್ರ ದುಡಿಯೂ ಎತ್ತಿಗೆ ಹೆಂಗ ಕೂಡತೈತಿ?" ಎಂದು ತಮ್ಮ ಮೇಲೆ ತಾವೇ ಗಹಗಹಿಸಿ ನಗುತ್ತಾರೆ.

ಹಣಗಿ ಹುಟ್ಟಿದ್ದು ಕೆಲವು ವರ್ಷಗಳ ಹಿಂದೆ, ಸ್ವರಾಜ್ಯ ಬಂದ ವರ್ಷ. ಸ್ವಂತ ಮನೆಯ ಬಾಗಿಲ ಚೌಕಟ್ಟು ಒರಟು ಕಲ್ಲಿನ ಗೋಡೆಗೆ ಕೂಡದೆ ಮಾಯಪ್ಪ ತಲೆ ಕೆರೆದುಕೊಳ್ಳುತ್ತಿದ್ದರಂತೆ. ಮುಂದಿನ ಕಥೆಯನ್ನು ಅವರ ಹೆಂಡತಿ ಕಾಶೆವ್ವನ ಬಾಯಲ್ಲೇ ಕೇಳಬೇಕು: "ನನ್ನ ಹೊಸಾ ಕಸಬರಗಿ ಕಟ್ಟು ಸಡ್ಲ ಮಾಡಿ ಗ್ವಾಡಿಗೆ ಒತ್ತಿ ಒತ್ತಿ ನೋಡಾಕ ಹತ್ತಿದ್ರು. ಇವರಿಗೆ ಹುಚ್ಚ ಹಿಡೀತು ಅನಕೊಂಡ್ನಿ. ಆ ಕಸಬರಗಿ ಇನ್ನೂ ತಂದುಕೊಟ್ಟಿಲ್ರಿ!" ಆಮೇಲೆ ಗೋಡೆಗೆ ಕೂಡುವ ಚೌಕಟ್ಟು, ಮುರಿದ ತೊಟ್ಟಿಲ ಕಾಲಿನ ಜೋಡಿ, ಎಲ್ಲವೂ ಹಣಗಿಯಿಂದಲೇ ಆದವು. ಅದನ್ನು ಎತ್ತಿನ ಹೆಗಲವರೆಗೆ ಒಯ್ದದ್ದು ಮಾತ್ರ ಮಾಯಪ್ಪನ ದೊಡ್ಡ ಆಸೆ. ಇದಕ್ಕೆಲ್ಲ ಸಿಗುವುದು ರಾಶಿಯ ಕಾಲಕ್ಕೆ ಒಂದಿಷ್ಟು ಜೋಳ, ದಿನವೂ ಒಂದಿಷ್ಟು ಹರಟೆ.

ಎರಡು ದಿನ ಬಿಟ್ಟು ಹೋದಾಗ ಹೊಸ ನೊಗ ಸಿದ್ಧವಾಗಿದೆ. ಹಣಗಿಯನ್ನು ಮರದ ಮೇಲಿಟ್ಟು, ಇದ್ದಿಲಲ್ಲಿ ಗೆರೆ ಎಳೆದು, ಬಾಚಿಯಿಂದ ಕೆತ್ತಿ ನಯಗೊಳಿಸಿದ್ದಾರೆ. ಈಗ ಅದರ ತಳಕ್ಕೆ ಕಲಸಿದ ಕೆಮ್ಮಣ್ಣು ಬಳಿಯುತ್ತಾರೆ. ಮರ ತಾಗಿದಲ್ಲೆಲ್ಲ ಬಿಳಿ ಚರ್ಮದ ಮೇಲೆ ಕೆಂಪು ಮೂಡಬೇಕು. ಹಳೆಯದು ಎರಡೇ ಕಡೆ ತಾಗಿ, ಭಾರವೆಲ್ಲ ಅಲ್ಲೇ ಬಿದ್ದು ಹುಣ್ಣು ಮಾಡಿತ್ತು.

ಸರ್ದಾರ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. ಕೆಂಚಪ್ಪ ಮುಖ ತಿರುಗಿಸುತ್ತಾರೆ. ಯಮನವ್ವ ಅದರ ಕೊರಳಡಿಯ ಗಂಗೆದೊಗಲು ನೀವುತ್ತ "ಬಾರೋ ನನ್ನಪ್ಪಾ, ಇದೊಂದ ಸಲ" ಎನ್ನುತ್ತಾರೆ. ನೊಗ ಹೆಗಲೇರುತ್ತದೆ. ಎತ್ತು ಒಮ್ಮೆ ಕತ್ತು ಅಲುಗಿಸಿ, ನೊಗದ ಇನ್ನೊಂದು ತುದಿಗೆ ಕಟ್ಟಿದ ಜೋಡಿ ಎತ್ತಿನೊಂದಿಗೆ ಹೆಜ್ಜೆ ಹಾಕಿ, ಆಚೆಯ ಬದು ಮುಟ್ಟಿ ತಿರುಗಿ ಬರುತ್ತದೆ. ನೊಗ ಎತ್ತಿದರೆ ಹೆಗಲ ಮೇಲೆ ಒಂದೇ ಸಮನೆ ಕೆಂಪು ಪಟ್ಟೆ!

"ಮದುಮಗನಂಗ ಕಾಣಾಕತ್ತಾನ ನೋಡ್ರಿ!" ಎಂದು ಯಮನವ್ವ ಕಣ್ಣೊರೆಸಿಕೊಳ್ಳುತ್ತಾರೆ.

"ಸಂತಿಗೆ ನಾನೊಬ್ನ ಹೊಕ್ಕೇನಿ, ಕಾಯಿಪಲ್ಯಾ ತರಾಕ" ಎಂದು ಕೆಂಚಪ್ಪ ಗೊಣಗುತ್ತಾರೆ.

ಹೊರಡುವ ಮುಂಚೆ ಮಾಯಪ್ಪನನ್ನು ಕೇಳುತ್ತೇನೆ, ನೊಗದ ಮೇಲೆ ನಿಮ್ಮ ಹೆಸರು ಕೆತ್ತಬಾರದೇ ಎಂದು. ಅವರು ಕೈಗೆ ಮೆತ್ತಿದ ಕೆಮ್ಮಣ್ಣನ್ನು ಧೋತರಕ್ಕೆ ಒರೆಸಿಕೊಳ್ಳುತ್ತಾರೆ.

"ಹೆಸರ್ಯಾಕ್ರಿ? ಹಾದ್ಯಾಗ ಯಾವದರ ಎತ್ತು ನೊಗಾ ಇಳಿಸಿ ನಿಂತಿತ್ತಂದ್ರ ಅದರ ಹೆಗಲ ನೋಡ್ರಿ. ಅಲ್ಲಿ ಏನೂ ಕಾಣಲಿಲ್ಲಂದ್ರ, ಅದು ನನ್ನ ಕೆಲಸ ಅಂತ ತಿಳಕೊರ್ರಿ."